ಆ ಎರಡು ಸಾಲು ಮಗುವನ್ನು ಕೇಳಿ ಬರೆಸಿರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಈ ವರ್ಷ ಮಕ್ಕಳನ್ನು ಆರನೇ ತರಗತಿಗೆ, ಎಂಟನೇ ತರಗತಿಗೆ ಹಚ್ಚುತ್ತಿರುವ ತಾಯಂದಿರಿಗೆ, ತಂದೆಯರಿಗೆ, ಅಜ್ಜ-ಅಜ್ಜಿಯರಿಗೆ,



ಶಾಲೆ ತೆರೆಯುವ ಹೊತ್ತು ಬಂದಿದೆ. ನಿಮ್ಮಲ್ಲಿ ಕೆಲವರ ಮಗು ಐದನೆಯದು ಮುಗಿಸಿದೆ, ಕೆಲವರದು ಏಳನೆಯದು. ಟಿ.ಸಿ., ಆಧಾರ್ ಕಾರ್ಡು, ಜಾತಿ-ಆದಾಯದ ಪ್ರಮಾಣಪತ್ರ, ಪಾಸ್‌ಬುಕ್ಕಿನ ಝೆರಾಕ್ಸು, ಫೋಟೋ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ಇಟ್ಟುಕೊಂಡಿದ್ದೀರಿ. ದಾಖಲಾತಿಯ ದಿನ ಈ ಕಾಗದಗಳಲ್ಲಿ ಒಂದು ಕಡಿಮೆಯಾದರೂ ತಿರುಗಿ ಊರಿಗೆ ಹೋಗಿ ಬರುತ್ತೀರಿ. ಆದರೆ ಅದೇ ಅರ್ಜಿಯಲ್ಲಿ ಎರಡು ಸಾಲುಗಳಿವೆ: ಬೋಧನಾ ಮಾಧ್ಯಮ ಯಾವುದು, ಭಾಷೆಗಳು ಯಾವುವು. ಅವುಗಳ ಮುಂದೆ ಮಾಸ್ತರ ಪೆನ್ನು ನಿಂತಾಗ ನಮ್ಮ ಕಡೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: “ನಿಮಗ ಯಾವುದು ಚಲೋ ಕಾಣತೈತಿ ಅದನ್ನ ಹಾಕ್ರಿ ಸರ್.” ಮಗು ಪಕ್ಕದಲ್ಲೇ ನಿಂತಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ.

ಈ ಭಾಗದ ಹೈಸ್ಕೂಲುಗಳಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತನಾದ ಮಾಸ್ತರ ನಾನು. ಮಾಸ್ತರ ಮೇಲೆ ನೀವು ಇಟ್ಟ ವಿಶ್ವಾಸ ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೂ ನಿಮ್ಮಲ್ಲಿ ಕೈಮುಗಿದು ಒಂದು ಮಾತು ಕೇಳುತ್ತೇನೆ. ಆ ಎರಡು ಸಾಲುಗಳನ್ನು ಮನೆಯಲ್ಲಿ, ಮಗುವಿನ ಜೊತೆ ಕೂತು, ಅದರ ಮಾತು ಕೇಳಿ ತೀರ್ಮಾನಿಸಿಕೊಂಡು ಬನ್ನಿ. ಒಂದು ನಿಮಿಷದಲ್ಲಿ ತುಂಬುವ ಆ ಸಾಲಿನ ಮೇಲೆ ಮಗು ಮೂರರಿಂದ ಐದು ವರ್ಷ ದಿನವೂ ನಡೆಯಬೇಕಾಗುತ್ತದೆ.

“ನಮ್ಮ ಸಾಲ್ಯಾಗ ಆರಿಸಾಕ ಏನೈತ್ರಿ? ಅದೆಲ್ಲಾ ಬೆಂಗಳೂರಾಗ” ಎನ್ನುವವರಿದ್ದಾರೆ. ಅರ್ಧ ಸತ್ಯ ಅದು. ನಗರದ ದೊಡ್ಡ ಶಾಲೆಗಳಲ್ಲಿರುವಷ್ಟು ಐಚ್ಛಿಕ ವಿಷಯಗಳು ನಮ್ಮಲ್ಲಿಲ್ಲ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಲ್ಲರಿಗೂ ಒಂದೇ. ಆದರೆ ಆಯ್ಕೆಗಳು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅವು ಎಲ್ಲೆಲ್ಲಿ ಅಡಗಿವೆ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಆರನೇ ತರಗತಿ. ಇಲ್ಲಿ ಮೂರನೆಯ ಭಾಷೆ ಶುರುವಾಗುತ್ತದೆ, ನಮ್ಮ ಹೆಚ್ಚಿನ ಕನ್ನಡ ಶಾಲೆಗಳಲ್ಲಿ ಅದು ಹಿಂದಿ. ಮೂರನೆಯ ಭಾಷೆ ಬೇಕೇ ಬೇಡವೇ ಎಂಬ ಚರ್ಚೆ ರಾಜ್ಯದಲ್ಲಿ ನಡೆದೇ ಇದೆ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಎರಡು ಭಾಷೆಗಳ ಪದ್ಧತಿಯನ್ನು ಶಿಫಾರಸು ಮಾಡಿದೆ. ನಿಯಮ ಹೀಗೆ ಬದಲಾಗುವ ಕಾಲದಲ್ಲಿ ಪಕ್ಕದ ಮನೆಯವರು ಮೂರು ವರ್ಷದ ಹಿಂದೆ ಹೇಳಿದ್ದನ್ನು ನೆಚ್ಚಿಕೊಳ್ಳಬೇಡಿ. ಈ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ಶಾಲೆಯಲ್ಲೇ ಕೇಳಿರಿ. ಕೇಳುವುದು ನಿಮ್ಮ ಹಕ್ಕು.

ಆರನೆಯದರ ಹೊತ್ತಿಗೆ ಬರುವ ಇನ್ನೊಂದು ಪ್ರಶ್ನೆ ಮಾಧ್ಯಮದ್ದು. ಕನ್ನಡದಲ್ಲೇ ಮುಂದುವರಿಸುವುದೋ, ಇಂಗ್ಲಿಷ್ ವಿಭಾಗಕ್ಕೆ ಹಾಕುವುದೋ? 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ಕೊಟ್ಟು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಕಾನೂನು ಆಯ್ಕೆಯನ್ನು ನಿಮ್ಮ ಕೈಗೆ ಕೊಟ್ಟಿದೆ. ಹಾಗಾದರೆ ಹೊಣೆಯೂ ನಿಮ್ಮದೇ. ಇದಕ್ಕೊಂದು ಸರಳ ಪರೀಕ್ಷೆ ಇದೆ. ಐದನೆಯ ತರಗತಿಯ ಪರಿಸರ ಅಧ್ಯಯನದ ಒಂದು ಪಾಠ ತೆಗೆದು, ಅದನ್ನು ತನ್ನ ಮಾತಿನಲ್ಲಿ ಹೇಳಲು ಮಗುವಿಗೆ ಹೇಳಿರಿ. ನಿಮಗೆ ಓದು ಬಾರದಿದ್ದರೂ ಮಗು ತಿಳಿದು ಹೇಳುತ್ತಿದೆಯೋ ಗಿಳಿಪಾಠ ಒಪ್ಪಿಸುತ್ತಿದೆಯೋ ಎಂಬುದು ಮುಖ ನೋಡಿದರೇ ಗೊತ್ತಾಗುತ್ತದೆ. ಕನ್ನಡದಲ್ಲಿ ಅರಳುತ್ತಿರುವ ಮಗುವನ್ನು ನೆರೆಯವರ ಮಾತು ಕೇಳಿ ಕಿತ್ತು ಬೇರೆ ಕಡೆ ನೆಡಬೇಡಿ. ಇಂಗ್ಲಿಷಿನಲ್ಲಿ ಓದುವ ಆಸೆ ಮಗುವಿನದೇ ಆಗಿದ್ದರೆ, ಮೊದಲ ವರ್ಷ ಅಂಕ ಇಳಿದರೂ ಬೈಯದೆ ಬೆನ್ನಿಗೆ ನಿಲ್ಲುವ ಧೈರ್ಯ ನಿಮಗಿರಬೇಕು. ಯಾವ ದಾರಿ ಹಿಡಿದರೂ ಮನೆಯಲ್ಲಿ ಕನ್ನಡ ಪುಸ್ತಕ ಮುಚ್ಚಬಾರದು.

ವಸತಿ ಶಾಲೆಗಳೂ ಆರನೆಯದರಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಕಿತ್ತೂರಿನಲ್ಲಿ 1969ರಲ್ಲಿ ಆರಂಭವಾದ ರಾಣಿ ಚನ್ನಮ್ಮ ಹೆಣ್ಣುಮಕ್ಕಳ ಸೈನಿಕ ವಸತಿ ಶಾಲೆ, ಚಿಕ್ಕೋಡಿ ತಾಲ್ಲೂಕಿನ ಕೋಥಳಿಯ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಎಲ್ಲಕ್ಕೂ ಪ್ರವೇಶ ಪರೀಕ್ಷೆ ಉಂಟು. ಒಳ್ಳೆಯ ಅವಕಾಶಗಳು ಇವು. ಆದರೆ ಹತ್ತು-ಹನ್ನೊಂದು ವರ್ಷದ ಕೂಸು ಮನೆ ಬಿಟ್ಟು ಇರಬೇಕು. “ಹೋಗ್ತೀಯೇನವ್ವಾ, ಹೋಗ್ತೀಯೇನಪ್ಪಾ” ಎಂದು ಪರೀಕ್ಷೆಗೆ ಮೊದಲೇ ಕೇಳಿರಿ. ಪಾಸಾಗದ ಮಗುವಿನ ಮುಂದೆ ಪಾಸಾದವರ ಹೆಸರು ಎತ್ತಬೇಡಿ. ಸಾವಿರಾರು ಮಕ್ಕಳು ಬರೆದು ಬೆರಳೆಣಿಕೆಯಷ್ಟು ಮಕ್ಕಳು ಆಯ್ಕೆಯಾಗುವ ಪರೀಕ್ಷೆ ಯಾವ ಮಗುವಿನ ಬುದ್ಧಿಗೂ ಕೊನೆಯ ತೀರ್ಪಲ್ಲ.

ಇನ್ನು ಎಂಟನೆಯ ತರಗತಿ. ಹೈಸ್ಕೂಲಿನ ಬಾಗಿಲು. ಇಲ್ಲಿ ಪ್ರಥಮ ಭಾಷೆಯ ಆಯ್ಕೆ ಬರುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ 125ರ ಆಸೆಗೆ ಕೆಲವು ಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಕೊಡುತ್ತಾರೆ, ಅದರಲ್ಲಿ ಅಂಕ ಸುಲಭ ಎಂಬ ನಂಬಿಕೆ ಹಳೆಯದು. ಈ ಒಂದು ಸಾಲು ಎಷ್ಟು ದೊಡ್ಡದು ಎಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. ಕನ್ನಡವನ್ನು ಕಲಿಯದೆಯೇ ಹೈಸ್ಕೂಲು ಮುಗಿಸಬಹುದಾದ ಸ್ಥಿತಿ ಇದ್ದಾಗ, 1980ರಲ್ಲಿ ಸರ್ಕಾರ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 1981ರ ಜನವರಿಯಲ್ಲಿ ಬಂದ ವರದಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕ ಇರಬೇಕು ಎಂದಿತು. ಅದನ್ನು ಜಾರಿಗೆ ತರಲೆಂದು ನಡೆದ ಚಳವಳಿಗೆ 1982ರಲ್ಲಿ ರಾಜ್‌ಕುಮಾರ್ ಇಳಿದಾಗ ಇಡೀ ನಾಡು ಬೀದಿಗೆ ಬಂತು. ಆಮೇಲೆ ನ್ಯಾಯಾಲಯಗಳ ತೀರ್ಪುಗಳು ಬಂದವು, ಆದೇಶಗಳು ಬದಲಾದವು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತಹಂತವಾಗಿ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ದಾಖಲಾತಿ ಅರ್ಜಿಯ ಒಂದು ಸಾಲಿನ ಹಿಂದೆ ಇಷ್ಟು ಇತಿಹಾಸ ಇದೆ.

ಸಂಸ್ಕೃತದ ಮೇಲೆ ನನಗೆ ಸಿಟ್ಟಿಲ್ಲ. ಶ್ಲೋಕ ಕೇಳಿದರೆ ಕಿವಿ ನಿಮಿರುವ ಮಗು ನಿಮ್ಮಲ್ಲಿದ್ದರೆ, ಕಲಿಸುವ ಒಳ್ಳೆಯ ಶಿಕ್ಷಕರು ಆ ಶಾಲೆಯಲ್ಲಿದ್ದರೆ, ಧಾರಾಳವಾಗಿ ಕೊಡಿಸಿರಿ. ಉರ್ದು, ಮರಾಠಿ ಮನೆಮಾತಿನ ಮಕ್ಕಳಿಗೆ ಆ ಭಾಷೆಗಳ ಅವಕಾಶ ಇರುವುದೂ ನ್ಯಾಯವೇ. ಆದರೆ ಇಪ್ಪತ್ತು ಅಂಕ ಹೆಚ್ಚು ಬರುತ್ತದೆ ಎಂಬ ಒಂದೇ ಕಾರಣಕ್ಕೆ, ಕನ್ನಡದಲ್ಲಿ ನಿಬಂಧ ಬರೆದು ಬಹುಮಾನ ತಂದ ಹುಡುಗಿಯಿಂದ ಕನ್ನಡವನ್ನು ಪ್ರಥಮ ಸ್ಥಾನದಿಂದ ಕಸಿಯಬೇಡಿ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಓದಿದ ಪದ್ಯ, ಗದ್ಯ ಜೀವಮಾನದ ಬುತ್ತಿ. ಕೋರ್ಟಿನ ಕಾಗದ, ಪಹಣಿ, ಬ್ಯಾಂಕಿನ ನೋಟಿಸು ಓದಿ ತಿಳಿಯುವ ಶಕ್ತಿಯೂ, ಗ್ರಾಮಸಭೆಯಲ್ಲಿ ಎದ್ದು ನಿಂತು ನೆಟ್ಟಗೆ ನಾಲ್ಕು ಮಾತಾಡುವ ಶಕ್ತಿಯೂ ಆ ವರ್ಷಗಳಲ್ಲೇ ಬೆಳೆಯುತ್ತದೆ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ, ಅಷ್ಟೇ.

ಈಗ ಅನೇಕರಿಗೆ ಗೊತ್ತಿಲ್ಲದ ಒಂದು ಆಯ್ಕೆಯ ಮಾತು. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ಎಂಬ ಹೆಸರಿನಲ್ಲಿ ವೃತ್ತಿ ವಿಷಯಗಳಿವೆ. ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ರಿಟೇಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್, ಎಲೆಕ್ಟ್ರಾನಿಕ್ಸ್ ಆ್ಯಂಡ್ ಹಾರ್ಡ್‌ವೇರ್, ಸಿದ್ಧ ಉಡುಪು, ಹೀಗೆ. ಮಗು ತೃತೀಯ ಭಾಷೆಯ ಬದಲಿಗೆ ಇವುಗಳಲ್ಲಿ ಒಂದನ್ನು ಓದಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬಹುದು. ಎಲ್ಲ ಶಾಲೆಗಳಲ್ಲೂ ಇವು ಇಲ್ಲ, ಇದ್ದ ಶಾಲೆಯಲ್ಲೂ ಒಂದೆರಡೇ ಇರುತ್ತವೆ. ಹಾಗಾಗಿ ಒಂಬತ್ತನೆಯದರ ಈ ಆಯ್ಕೆ ನಿಜವಾಗಿ ನಡೆಯುವುದು ಎಂಟನೆಯದರಲ್ಲಿ, ನೀವು ಶಾಲೆ ಆರಿಸುವ ದಿನ. ಆ ದಿನವೇ ಕೇಳಬೇಕು: ಇಲ್ಲಿ ವೃತ್ತಿ ವಿಷಯ ಇದೆಯೇ, ಯಾವುದು, ಕಲಿಸುವವರು ಇದ್ದಾರೆಯೇ, ಪ್ರಯೋಗಕ್ಕೆ ಸಾಮಾನು ಇದೆಯೇ?

ಈ ವಿಷಯಗಳ ಬಗ್ಗೆ ಎರಡು ಕೆಟ್ಟ ರೂಢಿಗಳಿವೆ. ದಡ್ಡರಿಗೆ ಮಾತ್ರ ಇದು ಎನ್ನುವುದು ಒಂದು. ಆಟೋಮೊಬೈಲ್ ಗಂಡು ಹುಡುಗರಿಗೆ, ಬ್ಯೂಟಿ ಹುಡುಗಿಯರಿಗೆ ಎಂದು ಮೊದಲೇ ಹಂಚಿಬಿಡುವುದು ಇನ್ನೊಂದು. ಅಪ್ಪನ ಬೈಕಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸುವ ಹುಡುಗಿ ನಮ್ಮ ಹಳ್ಳಿಗಳಲ್ಲಿ ಇಲ್ಲವೇ? ರಾಮದುರ್ಗದ ಓಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದ ಹುಡುಗನಿಗೆ ಬಟ್ಟೆಯ ಜ್ಞಾನ ಯಾವ ಪುಸ್ತಕಕ್ಕಿಂತ ಮೊದಲೇ ಬೆರಳಿನಲ್ಲಿರುತ್ತದೆ. ಅವನು ಸಿದ್ಧ ಉಡುಪಿನ ವಿಷಯ ತೆಗೆದುಕೊಂಡರೆ ಕೀಳಾಗುವುದು ಹೇಗೆ? ಜೊತೆಗೆ ಇನ್ನೊಂದು ಬದಿಯನ್ನೂ ತೂಗಬೇಕು. ತೃತೀಯ ಭಾಷೆ ಬಿಟ್ಟ ಮಗುವಿಗೆ ಎರಡು ವರ್ಷ ಹಿಂದಿಯ ಅಭ್ಯಾಸ ತಪ್ಪುತ್ತದೆ. ಗೋವಾ, ಪುಣೆ ಕಡೆ ದುಡಿಯಲು ಹೋಗುವವರಿರುವ ಸೀಮೆ ನಮ್ಮದು, ಅಲ್ಲಿ ಹಿಂದಿ ಕೆಲಸಕ್ಕೆ ಬರುತ್ತದೆ. ಯಾವುದು ಹೆಚ್ಚು ಬೇಕು ಎಂಬುದು ಮನೆಯಿಂದ ಮನೆಗೆ, ಮಗುವಿನಿಂದ ಮಗುವಿಗೆ ಬೇರೆ.

ಶಾಲೆಯ ಆಯ್ಕೆ ಬಂದಾಗ ದೂರದ ಪ್ರಶ್ನೆ ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಅದೇ ಕೊನೆಯ ಮಾತಾಗಿಬಿಡುತ್ತದೆ. “ಹತ್ತಿರದ ಸಾಲಿ ಸಾಕು, ಓದಿ ಏನ್ ಮಾಡಬೇಕಾಗೇತಿ” ಎಂಬ ಮಾತನ್ನು ಈ ನೆಲದಲ್ಲಿ ಆಡಲು ನಾಲಿಗೆ ಹೇಗೆ ಬರುತ್ತದೆ? 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಚನ್ನಮ್ಮನ ಕೋಟೆ ಕಿತ್ತೂರಿನಲ್ಲಿದೆ, ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ. ಪ್ರತಿ ವರ್ಷ ಉತ್ಸವ ಮಾಡುತ್ತೇವೆ, ಮೂರ್ತಿಗೆ ಮಾಲೆ ಹಾಕುತ್ತೇವೆ. ಮನೆಯ ಮಗಳು ತನಗೆ ಬೇಕಾದ ವಿಷಯ ಇರುವ ಶಾಲೆಗೆ ಹತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಲಿ ಎನ್ನುವುದು ಆ ಮಾಲೆಗಿಂತ ದೊಡ್ಡ ಗೌರವ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಗಿದೆ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದದಿದ್ದರೆ ಊರಿನವರೆಲ್ಲ ಕೂಡಿ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿರಿ. ಒಬ್ಬ ಅಪ್ಪ ಕೇಳಿದರೆ ಆಗದ್ದು ನಲವತ್ತು ಮನೆಯವರು ಸಹಿ ಹಾಕಿದರೆ ಆಗುತ್ತದೆ.

ಅಂಕ ಇಲ್ಲದ ವಿಷಯಗಳ ಮಾತು ಇನ್ನೂ ಉಳಿದಿದೆ. ನನ್ನ ಮನಸ್ಸಿಗೆ ಅತಿ ಹತ್ತಿರದ ಮಾತು ಇದು. ವೇಳಾಪಟ್ಟಿಯಲ್ಲಿ ಚಿತ್ರಕಲೆ, ಸಂಗೀತ, ದೈಹಿಕ ಶಿಕ್ಷಣ, ಕಾರ್ಯಾನುಭವ ಎಂದು ಬರೆದಿರುತ್ತದೆ. ಪರೀಕ್ಷೆ ಹತ್ತಿರ ಬಂದಂತೆ ಆ ಪಿರಿಯಡ್ಡುಗಳು ಗಣಿತಕ್ಕೋ ಇಂಗ್ಲಿಷಿಗೋ ಸೇರಿಹೋಗುತ್ತವೆ. ನಾವು ಪಾಲಕರೇ ಅದನ್ನು ಮೆಚ್ಚಿ ಸುಮ್ಮನಿರುತ್ತೇವೆ. ಆದರೆ ಹನ್ನೊಂದು-ಹನ್ನೆರಡರ ಮಗು ತನ್ನ ಕೈಗೆ ಏನು ಒಲಿಯುತ್ತದೆ ಎಂದು ಹುಡುಕಿಕೊಳ್ಳುವ ಗಂಟೆಗಳು ಅವೇ.

ಕೈಕೆಲಸವೂ ಓದಿನ ಭಾಗ ಎಂಬ ವಿಚಾರ ನಮ್ಮ ಜಿಲ್ಲೆಗೆ ಹೊಸದಲ್ಲ. 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆಂದು ಬೆಳಗಾವಿ ಹತ್ತಿರದ ಹುದಲಿಗೆ ಬಂದು ಉಳಿದಿದ್ದರು. ಹುದಲಿ ಖಾದಿಯ ಊರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಅವರು ಕೈಕಸುಬಿನ ಸುತ್ತ ಶಾಲೆ ಕಟ್ಟುವ ವಿಚಾರವನ್ನು ದೇಶದ ಮುಂದಿಟ್ಟರು, ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ರೂಪಿಸಿತು. ಫಿನ್ಲೆಂಡ್ ದೇಶ 1866ರಲ್ಲೇ ಶಾಲೆಯಲ್ಲಿ ಕೈಕೆಲಸವನ್ನು ಕಡ್ಡಾಯ ಮಾಡಿತ್ತು, ಇಂದಿಗೂ ಅಲ್ಲಿನ ಗಂಡು-ಹೆಣ್ಣು ಮಕ್ಕಳು ಒಟ್ಟಿಗೆ ಮರದ ಕೆಲಸವನ್ನೂ ಹೊಲಿಗೆಯನ್ನೂ ಕಲಿಯುತ್ತಾರೆ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಆರನೇ ತರಗತಿಯಿಂದಲೇ ಕೆಲಸದ ಶಿಕ್ಷಣ ಬೇಕೆಂದು ಹೇಳಿ ಅದನ್ನು ಮೂರು ಬಗೆ ಮಾಡಿದೆ: ಗಿಡ-ಪ್ರಾಣಿಗಳೊಂದಿಗಿನ ಕೆಲಸ, ಯಂತ್ರ-ಸಾಮಗ್ರಿಗಳೊಂದಿಗಿನ ಕೆಲಸ, ಜನರ ಸೇವೆಯ ಕೆಲಸ.

ಈ ಮೂರಕ್ಕೂ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಏನು ಕೊರತೆ? ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ಇದೆ. ನೀರಿನ ಒತ್ತಡ, ಕಾಲುವೆಯ ಇಳಿಜಾರು, ಎಕರೆಗೆ ಎಷ್ಟು ನೀರು ಎಂಬ ಲೆಕ್ಕವನ್ನು ಅಲ್ಲಿ ನಿಂತು ಕಲಿತ ಮಗು ಮರೆಯುವುದಿಲ್ಲ. ರಾಮದುರ್ಗದ ಮಗ್ಗದ ಮುಂದೆ ಹಾಸು-ಹೊಕ್ಕಿನ ಎಳೆ ಎಣಿಸಿದರೆ ಅನುಪಾತದ ಗಣಿತ ಕಣ್ಣಿಗೆ ಕಾಣುತ್ತದೆ. ಕಿತ್ತೂರಿನ ಅರಮನೆಯ ಅವಶೇಷಗಳನ್ನು ಅಳೆದು ನಕ್ಷೆ ಬಿಡಿಸುವುದು ಚಿತ್ರಕಲೆಯೂ ಹೌದು, ಇತಿಹಾಸವೂ ಹೌದು. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕತೆ ನಡೆದದ್ದು ಬೈಲಹೊಂಗಲದಲ್ಲೇ ಎನ್ನುತ್ತಾರೆ. ಹಾಡಿ, ಮಾತಾಡಿ, ಕುಣಿದು ಜನರನ್ನು ರಾತ್ರಿಯಿಡೀ ಕೂರಿಸುವ ವಿದ್ಯೆ ಗೊತ್ತಿರುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚೌಡಿಕೆ ಬಾರಿಸುವ ಕೈಗಳಲ್ಲಿ ಲಯದ ದೊಡ್ಡ ಪಾಠ ಇದೆ. ಇವರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆಸಿರಿ. ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಅದಕ್ಕೆ ಹೇಳಿ ಮಾಡಿಸಿದ ದಿನ.

ಚಿತ್ರ ಬಿಡಿಸುವ ಮಗುವಿಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ. ಹಾಡುವ ಮಗುವಿಗೆ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳಿವೆ. ಪ್ರತಿಭಾ ಕಾರಂಜಿ, ಇಲಾಖೆಯ ಕ್ರೀಡಾಕೂಟ ಇವೆ. ಇವುಗಳಿಗೆ ಹೆಸರು ಕೊಡುವಂತೆ ಮಗುವನ್ನು ಹುರಿದುಂಬಿಸುವುದಕ್ಕೆ ನಿಮ್ಮಿಂದ ಒಂದು ರೂಪಾಯಿ ಖರ್ಚೂ ಬೇಕಿಲ್ಲ. “ಹಾಡಿ ಹೊಟ್ಟೆ ತುಂಬತೈತೇನು” ಎಂಬ ಮಾತು ಮನೆಯಿಂದ ಹೊರಗೆ ಹೋದರೆ ಸಾಕು.

ಹಾಗಾದರೆ ಮಗುವನ್ನು ಕೇಳುವುದು ಹೇಗೆ? “ನಿನಗೇನು ಬೇಕು” ಎಂದು ನೇರವಾಗಿ ಕೇಳಿದರೆ ಹೆಚ್ಚಿನ ಮಕ್ಕಳು ಹೆಗಲು ಕುಣಿಸುತ್ತಾರೆ, ಇಲ್ಲವೇ ಗೆಳೆಯ ತೆಗೆದುಕೊಂಡದ್ದನ್ನೇ ಹೇಳುತ್ತಾರೆ. ಬೇರೆ ರೀತಿ ಕೇಳಿರಿ. ಕಳೆದ ವರ್ಷ ಯಾವ ಪಿರಿಯಡ್ಡಿನಲ್ಲಿ ಗಂಟೆ ಹೊಡೆದದ್ದು ಗೊತ್ತಾಗಲಿಲ್ಲ? ಯಾರೂ ಹೇಳದಿದ್ದರೂ ಮನೆಯಲ್ಲಿ ಮತ್ತೆ ಮಾಡಿ ನೋಡಿದ್ದು ಏನು? ಯಾವ ಪಾಠಕ್ಕೆ ಭಯ ಆಗುತ್ತದೆ, ಭಯ ಪಾಠದ್ದೋ, ಕಲಿಸುವವರದ್ದೋ, ಹಿಂದಿನ ಬೆಂಚಿನವರ ನಗುವಿನದ್ದೋ? ಗೆಳೆಯ ಬೇರೆ ಶಾಲೆಗೆ ಹೋದರೂ ಈ ವಿಷಯ ನಿನಗೆ ಬೇಕೇ? ಊಟದ ಹೊತ್ತಿನಲ್ಲಿ, ಹೊಲಕ್ಕೆ ನಡೆಯುವಾಗ, ರೊಟ್ಟಿ ಬಡಿಯುವಾಗ ಈ ಮಾತು ಆಡಬಹುದು. ಉತ್ತರ ಒಂದೇ ದಿನಕ್ಕೆ ಬರಬೇಕಿಲ್ಲ.

ಮಗು ಆರಿಸಿದ್ದು ಒಂದು ವೇಳೆ ಹೊಂದದೇ ಹೋದರೂ ಜೀವನ ಕೆಡುವುದಿಲ್ಲ. ಎಂಟನೆಯದರಲ್ಲಿ ತೆಗೆದುಕೊಂಡ ಭಾಷೆ, ಒಂಬತ್ತನೆಯದರಲ್ಲಿ ತೆಗೆದುಕೊಂಡ ವೃತ್ತಿ ವಿಷಯ ಪಿಯುಸಿ, ಐಟಿಐ, ಡಿಪ್ಲೊಮಾಗಳ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ತಾನೇ ಆರಿಸಿ, ಕಷ್ಟಪಟ್ಟು, ತಿದ್ದಿಕೊಂಡ ಮಗು ಮುಂದಿನ ದೊಡ್ಡ ಆಯ್ಕೆಗೆ ಗಟ್ಟಿಯಾಗುತ್ತದೆ. ಹತ್ತನೆಯದು ಮುಗಿಯುವ ತನಕ ಒಂದನ್ನೂ ಆರಿಸದ ಮಗುವಿನ ಮುಂದೆ ಸೈನ್ಸೋ ಕಾಮರ್ಸೋ ಎಂದು ಒಮ್ಮೆಲೇ ಕೇಳಿದರೆ ಅದು ಗಾಬರಿಯಾಗದೇ ಇನ್ನೇನು ಮಾಡೀತು?

ನನ್ನ ಹಳೆಯ ಜೊತೆಗಾರರಾದ ಶಿಕ್ಷಕರಿಗೂ ಒಂದು ಮಾತು. ದಾಖಲಾತಿಯ ಗದ್ದಲದಲ್ಲಿ ನಿಮಗೆ ಪುರುಸೊತ್ತಿಲ್ಲ, ಗೊತ್ತು. ಆದರೂ ನಿಮ್ಮ ಶಾಲೆಯಲ್ಲಿ ಯಾವ ಮಾಧ್ಯಮ, ಯಾವ ಭಾಷೆ, ಯಾವ ವೃತ್ತಿ ವಿಷಯ, ಯಾವ ವಿಶೇಷ ಶಿಕ್ಷಕರು ಇದ್ದಾರೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕದ ಹಲಗೆಗೆ ಹಚ್ಚಿರಿ. ಅರ್ಜಿ ತುಂಬುವಾಗ ಅಪ್ಪನ ಮುಖ ನೋಡುವ ಮೊದಲು ಮಗುವಿನ ಮುಖ ನೋಡಿ ಒಮ್ಮೆ ಕೇಳಿರಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, 2001ರಿಂದ ಈ ಸಮಿತಿಗಳು ಇರುವುದು ಬಿಲ್ಲಿಗೆ ಸಹಿ ಹಾಕುವುದಕ್ಕಷ್ಟೇ ಅಲ್ಲ. ಚಿತ್ರಕಲೆಯ, ಸಂಗೀತದ, ದೈಹಿಕ ಶಿಕ್ಷಣದ ಹುದ್ದೆ ಖಾಲಿ ಇದ್ದರೆ ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮುಟ್ಟಿಸಿರಿ. ಒಂದು ಸಲ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ.

ಕೊನೆಗೆ, ಪಾಲಕರೇ, ಶಾಲೆಗೆ ಹೊರಡುವ ಮುನ್ನ ಮೂರು ಕೆಲಸ ಮಾಡಿರಿ. ಹತ್ತಿರದ ಎರಡು ಶಾಲೆಗಳಿಗಾದರೂ ಹೋಗಿ ಅಲ್ಲಿ ಏನೇನು ಕಲಿಸುತ್ತಾರೆ ಎಂದು ಕೇಳಿಕೊಂಡು ಬನ್ನಿ. ಮನೆಯಲ್ಲಿ ಮಗುವಿನ ಜೊತೆ ಒಂದು ಸಂಜೆ ಟಿ.ವಿ., ಮೊಬೈಲು ಬಂದ್ ಮಾಡಿ ಕೂತು ಮಾತಾಡಿ. ಕೊನೆಗೆ ತೀರ್ಮಾನಿಸಿದ್ದನ್ನು ಮಗುವಿನ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ, ಆ ಚೀಟಿಯನ್ನು ಟಿ.ಸಿ.ಯ ಜೊತೆ ಇಟ್ಟುಕೊಳ್ಳಿ. ಮಾಸ್ತರು ಕೇಳಿದಾಗ ನೀವು ಉತ್ತರ ಹೇಳಬೇಡಿ, ಮಗುವೇ ಹೇಳಲಿ. ತನ್ನ ಓದಿನ ಬಗ್ಗೆ ಹತ್ತು ಜನರ ಮುಂದೆ ತಾನೇ ಬಾಯಿ ತೆರೆದು ಹೇಳಿದ ಮಗು ಮರುದಿನದಿಂದ ಆ ಶಾಲೆಗೆ ತನ್ನ ಶಾಲೆ ಎಂದುಕೊಂಡು ಹೋಗುತ್ತದೆ.

ನಿಮ್ಮ ಮಕ್ಕಳಿಗೆ ಒಳ್ಳೆಯದಾಗಲಿ.

ಇತಿ ನಿಮ್ಮವ,
ನಿವೃತ್ತ ಪ್ರೌಢಶಾಲಾ ಶಿಕ್ಷಕ